ಮರುಭೂಮಿಯ ರ್‍ಯಾಲಿ ನೋಡಲು ಹೊರಡುವ ಮುನ್ನ

ಮನೆಗೆ ಬರುವ ಗೆಳತಿಯರೆಲ್ಲ ನನ್ನ ಓದುವ ಮೇಜಿನ ಮೇಲಿರುವ ಒಂದು ಫೋಟೋ ನೋಡಿ, "ಇದು ಯಾವ ಸಿನಿಮಾದ್ದು?" ಎಂದು ಕೇಳುತ್ತಾರೆ. ಫೋಟೋದಲ್ಲಿ ದೂರದಲ್ಲೊಂದು ಬೈಕ್, ಅದರ ಹಿಂದೆ ಉದ್ದನೆಯ ಧೂಳು, ಹತ್ತಿರದಲ್ಲಿ ಕಂಬಳಿ ಹೊದ್ದು ಕುಳಿತ ನನ್ನ ತಮ್ಮ. ಅದು ಸಿನಿಮಾ ಅಲ್ಲ, ಡಾಕರ್ ರ್‍ಯಾಲಿ. ಹತ್ತನೇ ತರಗತಿಯವರೆಗೆ ನಾನು ಓದಿದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. 2025ರ ಜನವರಿಯಲ್ಲಿ ನಾವು ಮನೆಮಂದಿಯೆಲ್ಲ ಹಾಯಿಲ್ ಕಡೆಗೆ ಹೋಗಿ, ಟೆಂಟ್ ಹಾಕಿ ಉಳಿದು, ಆ ರ್‍ಯಾಲಿ ನೋಡಿ ಬಂದೆವು. ಪ್ರಯಾಣದ ಯೋಜನೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ನಮ್ಮ ಕಾಲೇಜಿನಲ್ಲಿ ತಂದೆಯೋ ಅಣ್ಣನೋ ಗಲ್ಫ್‌ನಲ್ಲಿರುವವರು ಬಹಳ ಮಂದಿ ಇದ್ದಾರೆ. ವಿಸಿಟ್ ವೀಸಾದಲ್ಲಿ ಹೋಗುವವರೂ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇದು ಎಂಥ ಓಟ?

1977ರಲ್ಲಿ ಥಿಯೆರಿ ಸಬೀನ್ ಎಂಬ ಫ್ರೆಂಚ್ ಬೈಕ್ ಸವಾರರು ಆಫ್ರಿಕಾದ ಒಂದು ರ್‍ಯಾಲಿಯಲ್ಲಿ ದಾರಿ ತಪ್ಪಿ ಮರುಭೂಮಿಯಲ್ಲಿ ಸಿಲುಕಿಕೊಂಡರು. ಹೇಗೋ ಬದುಕಿ ಬಂದ ಅವರು, ಅದೇ ಮರುಭೂಮಿಯಲ್ಲಿ ತಾವೇ ಒಂದು ಸ್ಪರ್ಧೆ ನಡೆಸಬೇಕೆಂದು ತೀರ್ಮಾನಿಸಿದರು. 1978ರ ಡಿಸೆಂಬರ್ 26ರಂದು ಮೊದಲ ಓಟ ಪ್ಯಾರಿಸ್‌ನಿಂದ ಹೊರಟು ಸೆನೆಗಲ್ ದೇಶದ ಡಾಕರ್ ನಗರವನ್ನು ತಲುಪಿತು. ಭದ್ರತೆಯ ಕಾರಣದಿಂದ 2008ರ ಓಟ ರದ್ದಾಯಿತು. 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆಯಿತು. 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಊರು ಬದಲಾದರೂ ಹೆಸರು ಮಾತ್ರ ಡಾಕರ್ ಎಂದೇ ಉಳಿದಿದೆ.

ಸುಮಾರು ಎರಡು ವಾರ ನಡೆಯುವ ಈ ಓಟದಲ್ಲಿ ದಿನಕ್ಕೊಂದು ಹಂತ ಇರುತ್ತದೆ. ಬೈಕುಗಳು, ಕಾರುಗಳು, ದೊಡ್ಡ ಟ್ರಕ್‌ಗಳು ಒಂದೊಂದಾಗಿ ಹೊರಡುತ್ತವೆ. ಇಲ್ಲಿ ಟಾರ್ ರಸ್ತೆಯೂ ಇಲ್ಲ, ಎರಡೂ ಬದಿಗೆ ಬೇಲಿಯೂ ಇಲ್ಲ. ಸ್ಪರ್ಧಿಗಳಿಗೆ ಸಿಗುವುದು 'ರೋಡ್‌ಬುಕ್' ಎಂಬ ಸೂಚನೆಗಳ ಪಟ್ಟಿ ಮಾತ್ರ. ಇಷ್ಟು ಕಿಲೋಮೀಟರ್ ಆದ ಮೇಲೆ ಈ ದಿಕ್ಕಿಗೆ ತಿರುಗು, ಇಲ್ಲಿ ಹಳ್ಳ ಇದೆ ಎಂಬಂಥ ಸೂಚನೆಗಳು. ಗುರುತು ಮಾಡಿದ ಬಿಂದುಗಳನ್ನು ಮುಟ್ಟಲೇಬೇಕು. ಎರಡು ಬಿಂದುಗಳ ನಡುವೆ ಯಾವ ದಿಬ್ಬ ಹತ್ತಬೇಕು, ಯಾವುದನ್ನು ಬಳಸಿ ಹೋಗಬೇಕು ಎಂಬುದನ್ನು ಓಡಿಸುವವರು ಅಲ್ಲೇ ನೋಡಿ ನಿರ್ಧರಿಸುತ್ತಾರೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದರಲ್ಲಿ ನಮ್ಮವರೂ ಇದ್ದಾರೆ. ಕರ್ನಾಟಕದ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. 2021ರಲ್ಲಿ ಸೌದಿಯ ಓಟದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ರಿಯಾದ್‌ನ ಆಸ್ಪತ್ರೆ ಸೇರಿದ್ದರು, ಆಮೇಲೆ ಚೇತರಿಸಿಕೊಂಡರು. ನೆರೆಯ ಕೇರಳದ ಹಾರಿತ್ ನೋವಾ 2024ರಲ್ಲಿ ಬೈಕುಗಳ 'ರ್‍ಯಾಲಿ 2' ವಿಭಾಗವನ್ನು ಗೆದ್ದರು.

ಎಲ್ಲಿ ನಿಲ್ಲಬೇಕು?

2025ರಲ್ಲಿ ಜನವರಿ 10, ಶುಕ್ರವಾರ ರ್‍ಯಾಲಿಗೆ ಹಾಯಿಲ್‌ನಲ್ಲಿ ವಿಶ್ರಾಂತಿಯ ದಿನ. ಶನಿವಾರ ಅಲ್ಲಿಂದ ಅಲ್ ದವಾದ್ಮಿ ಕಡೆಗೆ ಓಟ. ಅಬ್ಬನಿಗೆ ರಜೆ ಇದ್ದದ್ದೂ ಆ ಎರಡೇ ದಿನ. ನನಗೆ ಬೋರ್ಡ್ ಪರೀಕ್ಷೆ ಹತ್ತಿರವಿದ್ದುದರಿಂದ ಉಮ್ಮ ಸುಲಭವಾಗಿ ಒಪ್ಪಲಿಲ್ಲ. ಗಣಿತದ ಪುಸ್ತಕ ಜೊತೆಗಿರಬೇಕೆಂಬ ಷರತ್ತಿನ ಮೇಲೆ ಒಪ್ಪಿದರು.

ನಾನು ಮೊದಲು ಮಾಡಿದ ಕೆಲಸ ಸಾಮಾನಿನ ಪಟ್ಟಿ ಬರೆದದ್ದು. ಟೆಂಟ್, ಒಲೆ, ಬಿಸ್ಕತ್ತು, ಪವರ್ ಬ್ಯಾಂಕ್. ಆಮೇಲೆ ಫೋನಿನ ನಕ್ಷೆಯಲ್ಲಿ ಹುಡುಕಿ ಒಂದು ಒಳ್ಳೆಯ ಮರಳುದಿಬ್ಬ ಗುರುತಿಸಿದೆ. ಅದರ ಆಚೆಯ ಇಳಿಜಾರಿನಲ್ಲಿ ಕುಳಿತರೆ ಗಾಡಿಗಳು ತಲೆಯ ಮೇಲಿಂದಲೇ ಹಾರಿ ಬಂದಂತೆ ಕಾಣುತ್ತವೆ ಎಂದು ನನ್ನ ಲೆಕ್ಕ. ಹದಿನೈದು ವರ್ಷದಿಂದ ಅಲ್ಲಿರುವ ಮಾಮನಿಗೆ ಅದನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ನಿನಗೆ ಅವನು ಕಾಣ್ತಾನೆ, ಸರಿ. ಅವನಿಗೆ ನೀನು ಕಾಣ್ತೀಯಾ?"

ನನಗೆ ಉತ್ತರ ಹೊಳೆಯಲಿಲ್ಲ. ಮಾಮ ಒಂದು ಪುಸ್ತಕವನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ತಮ್ಮನ ಆಟಿಕೆ ಕಾರು ಹತ್ತಿಸಿ ತೋರಿಸಿದರು. ದಿಬ್ಬ ಹತ್ತುವಾಗ ಗಾಡಿಯ ಮೂತಿ ಆಕಾಶದ ಕಡೆಗಿರುತ್ತದೆ. ಓಡಿಸುವವನಿಗೆ ಕಾಣುವುದು ಬಾನೆಟ್ ಮತ್ತು ಆಕಾಶ ಮಾತ್ರ. ನೆತ್ತಿ ದಾಟಿದ ಮೇಲೆಯೇ ಆಚೆ ಏನಿದೆ ಎಂಬುದು ಗೊತ್ತಾಗುವುದು. ಅಷ್ಟರಲ್ಲಿ ನಿಲ್ಲಿಸಲು ಸಮಯವಿರುವುದಿಲ್ಲ. ಇದು ಬರೀ ಊಹೆಯ ಮಾತಲ್ಲ. 2023ರ ಜನವರಿ 10ರಂದು ಇದೇ ರ್‍ಯಾಲಿಯಲ್ಲಿ ದಿಬ್ಬದ ಹಿಂದೆ ಇದ್ದ ಇಟಲಿಯ ಪ್ರೇಕ್ಷಕರೊಬ್ಬರು ಟ್ರಕ್ ಬಡಿದು ಪ್ರಾಣ ಕಳೆದುಕೊಂಡರು. ವಿಷಯ ತಿಳಿದ ಮೇಲೆ ಆ ಟ್ರಕ್‌ನ ಚಾಲಕ ಸ್ಪರ್ಧೆಯಿಂದಲೇ ಹಿಂದೆ ಸರಿದರು.

ಅಂದು ರಾತ್ರಿ ನನ್ನ ಪಟ್ಟಿಯನ್ನು ಹರಿದು ಹೊಸದಾಗಿ ಬರೆದೆ. ಮೊದಲ ಸಾಲು 'ಎಲ್ಲಿ ನಿಲ್ಲಬೇಕು' ಎಂಬುದು. ಉಳಿದದ್ದೆಲ್ಲ ಅದರ ಕೆಳಗೆ. ಮಾಮ ಹೇಳಿದ ನಿಯಮಗಳು ಇವು:

ಸಂಘಟಕರು ಪ್ರೇಕ್ಷಕರಿಗೆಂದು ಗುರುತಿಸಿದ ಜಾಗಕ್ಕೇ ಹೋಗಬೇಕು. ಓಟದ ಪೂರ್ತಿ ಹಾದಿಯನ್ನು ಮೊದಲೇ ಬಹಿರಂಗ ಮಾಡುವುದಿಲ್ಲ. ಆದ್ದರಿಂದ ನಾವೇ ಆರಿಸಿದ ಜಾಗ ಹಾದಿಯ ಮಧ್ಯದಲ್ಲೇ ಇರಬಹುದು.

ಗಾಡಿ ಬರುವ ದಿಕ್ಕಿಗೆ ಎದುರಾಗಿ ನಿಲ್ಲಬಾರದು. ಬದಿಯಲ್ಲಿ, ಎತ್ತರದಲ್ಲಿ, ದೂರದಲ್ಲಿ ನಿಲ್ಲಬೇಕು.

ತಿರುವಿನ ಹೊರಬದಿಯಲ್ಲಿ ನಿಲ್ಲಬಾರದು. ಹಿಡಿತ ತಪ್ಪಿದ ಗಾಡಿ ಬರುವುದು ಆ ಕಡೆಗೇ.

ಒಂದು ಗಾಡಿ ಹೋಯಿತೆಂದು ಹಾದಿ ದಾಟಬಾರದು. ಧೂಳಿನ ಹಿಂದೆ ಇನ್ನೊಂದು ಇರುತ್ತದೆ. ಕೊನೆಯ ಗಾಡಿ ಬರಲು ಹಲವು ಗಂಟೆಗಳೇ ಹಿಡಿಯಬಹುದು.

ಟೈರಿನ ಗಾಳಿ ಮತ್ತು ನಮ್ಮ ಭೌತಶಾಸ್ತ್ರ

ಅಬ್ಬನದ್ದು ಸಾಮಾನ್ಯ ಕಾರು. ಅದು ಟಾರ್ ರಸ್ತೆಯ ಬದಿಯಲ್ಲೇ ಉಳಿಯಬೇಕೆಂದು ತೀರ್ಮಾನವಾಯಿತು. ಮರಳಿಗೆ ಇಳಿದದ್ದು ಮಾಮನ ಮತ್ತು ಅವರ ಗೆಳೆಯರೊಬ್ಬರ ಫೋರ್ ವೀಲ್ ಡ್ರೈವ್ ಗಾಡಿಗಳು. ಮರುಭೂಮಿಗೆ ಒಂದೇ ಗಾಡಿಯಲ್ಲಿ ಹೋಗಬಾರದು. ಒಂದು ಹೂತುಹೋದರೆ ಎಳೆಯಲು ಇನ್ನೊಂದು ಬೇಕು. ಜೊತೆಗೆ ಎಳೆಯುವ ಹಗ್ಗ, ಸಲಿಕೆ, ಚಕ್ರದಡಿ ಇಡುವ ಹಲಗೆ, ಗಾಳಿ ತುಂಬುವ ಪಂಪ್ ಇರಬೇಕು.

ಮರಳಿಗೆ ಇಳಿಯುವ ಮುಂಚೆ ಮಾಮ ಟೈರಿನ ಗಾಳಿಯನ್ನು 35 ಪಿಎಸ್‌ಐಯಿಂದ 18ಕ್ಕೆ ಇಳಿಸಿದರು. ಗಾಳಿ ಕಡಿಮೆಯಾದರೆ ಗಾಡಿ ಇನ್ನಷ್ಟು ಹೂತುಹೋಗುವುದಿಲ್ಲವೇ ಎಂದು ನನಗೆ ಅನುಮಾನ. ಆಗುವುದು ತಿರುಗುಮುರುಗು. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಗಾಡಿಯ ತೂಕ 2,000 ಕೆ.ಜಿ. ಎಂದುಕೊಂಡರೆ, 35 ಪಿಎಸ್‌ಐಯಲ್ಲಿ ನಾಲ್ಕು ಟೈರುಗಳು ಒಟ್ಟಾಗಿ ನೆಲಕ್ಕೆ ತಾಗುವ ಜಾಗ ಅಂದಾಜು 830 ಚದರ ಸೆಂ.ಮೀ. 18ಕ್ಕೆ ಇಳಿಸಿದರೆ ಟೈರು ಚಪ್ಪಟೆಯಾಗಿ ಸುಮಾರು 1,600 ಚದರ ಸೆಂ.ಮೀ. ಆಗುತ್ತದೆ. ಟೈರಿನ ಗಟ್ಟಿತನವನ್ನು ಬಿಟ್ಟು ಮಾಡಿದ ಲೆಕ್ಕ ಇದು, ಆದರೂ ವಿಷಯ ಅರ್ಥವಾಗುತ್ತದೆ. ಅದೇ ತೂಕ ಎರಡರಷ್ಟು ಜಾಗಕ್ಕೆ ಹಂಚಿಹೋಗುವುದರಿಂದ ಮರಳು ಕುಸಿಯುವುದು ಕಡಿಮೆ. ಒಂಟೆಯ ಅಗಲವಾದ ಪಾದದ ಉಪಾಯವೂ ಇದೇ. ಟಾರ್ ರಸ್ತೆಗೆ ಮರಳಿದ ಕೂಡಲೇ ಮತ್ತೆ ಗಾಳಿ ತುಂಬಿಸಬೇಕು. ಇಲ್ಲದಿದ್ದರೆ ವೇಗದಲ್ಲಿ ಟೈರು ಬಿಸಿಯಾಗಿ ಒಡೆಯಬಹುದು.

ನೀರು, ಚಳಿ, ನಮಾಝ್

ರಿಯಾದ್‌ನಿಂದ ಹಾಯಿಲ್‌ಗೆ ಸುಮಾರು 600 ಕಿ.ಮೀ. ಗುರುವಾರ ಸಂಜೆ ಹೊರಟು ಬುರೈದಾದಲ್ಲಿ ರೂಮ್ ಮಾಡಿ ಮಲಗಿದೆವು. ಶುಕ್ರವಾರ ಹಾಯಿಲ್‌ನಲ್ಲಿ ಜುಮಾ ಮುಗಿಸಿ, ಬೆಳಕಿರುವಾಗಲೇ ಟೆಂಟ್ ಹಾಕಿದೆವು. ಜನವರಿಯಲ್ಲಿ ಅಲ್ಲಿ ಸಂಜೆ ಐದೂವರೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಜಾಗ ಹುಡುಕಲು ಆಗುವುದಿಲ್ಲ.

ಮಳೆ ಬಂದಾಗ ಹಳ್ಳವಾಗುವ ತಗ್ಗು ಜಾಗಕ್ಕೆ 'ವಾದಿ' ಎನ್ನುತ್ತಾರೆ. ಗಾಳಿಗೆ ಮರೆ ಸಿಗುತ್ತದೆಂದು ಅಲ್ಲಿ ಟೆಂಟ್ ಹಾಕಬಾರದು. ದೂರದಲ್ಲೆಲ್ಲೋ ಸುರಿದ ಮಳೆ ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಅಲ್ಲಿ ನುಗ್ಗಿ ಬರುತ್ತದೆ. ಚಳಿಗಾಲವೇ ಅಲ್ಲಿ ಮಳೆಗಾಲ.

ನೀರಿನ ಲೆಕ್ಕ ಸುಲಭ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್. ಏಳು ಮಂದಿಗೆ ಎರಡು ದಿನಕ್ಕೆ 70 ಲೀಟರ್. ಇದಲ್ಲದೆ ಕೈಕಾಲು ತೊಳೆಯಲು, ಗಾಡಿಗೆಂದು ಬೇರೆ ಕ್ಯಾನ್. ಉಮ್ಮ ಕೇಳಿದ ಮೊದಲ ಪ್ರಶ್ನೆ, "ಹೆಂಗಸರಿಗೆ ಬಾತ್‌ರೂಮ್ ಎಲ್ಲಿ?" ಎಂಬುದು. ಗಂಡಸರು ಮಾಡಿದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಅದಕ್ಕೆಂದೇ ನೆಟ್ಟಗೆ ನಿಲ್ಲುವ ಒಂದು ಸಣ್ಣ ಟೆಂಟ್, ಗುಂಡಿ ತೋಡಲು ಸಲಿಕೆ ಇಟ್ಟುಕೊಂಡೆವು.

ಮರುಭೂಮಿ ಎಂದರೆ ಬಿಸಿಲು ಎಂದುಕೊಂಡಿರುವವರು ಜನವರಿಯ ರಾತ್ರಿಯನ್ನು ನೋಡಬೇಕು. ಹಾಯಿಲ್‌ನಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೂ ಇಳಿಯುವುದುಂಟು. ಎರಡೆರಡು ಕಂಬಳಿ, ಕಾಲುಚೀಲ, ಟೋಪಿ ಬೇಕು. ಎಷ್ಟೇ ಚಳಿಯಿದ್ದರೂ ಕೆಂಡದ ಒಲೆಯನ್ನು ಟೆಂಟಿನೊಳಗೆ ತರಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಅಲ್ಲಿನ ಗಿಡಮರ ಕಡಿದು ಸುಡುವುದು ಕಾನೂನಿಗೂ ವಿರುದ್ಧ. ನಾವು ಗ್ಯಾಸ್ ಒಲೆಯಲ್ಲೇ ಸುಲೈಮಾನಿ ಕಾಯಿಸಿಕೊಂಡೆವು. ಪ್ಲಾಸ್ಟಿಕ್ ಚೀಲಗಳನ್ನೆಲ್ಲ ಒಟ್ಟುಮಾಡಿ ವಾಪಸ್ ತಂದೆವು. ಅವನ್ನು ತಿಂದು ಒಂಟೆಗಳು ಸಾಯುತ್ತವೆ.

ಊರಿನಲ್ಲಿ ನಮಗೆ ಕಿಬ್ಲಾ ಎಂದರೆ ಪಶ್ಚಿಮ. ಹಾಯಿಲ್ ಇರುವುದು ಮಕ್ಕಾದ ಉತ್ತರಕ್ಕೆ. ಹಾಗಾಗಿ ಅಲ್ಲಿ ದಕ್ಷಿಣಕ್ಕೆ ತಿರುಗಿ, ತುಸು ಪಶ್ಚಿಮಕ್ಕೆ ವಾಲಿ ನಿಲ್ಲಬೇಕು. ಪ್ರಯಾಣಿಕರಿಗೆ ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೆ ಇಳಿಸುವ ರಿಯಾಯಿತಿ ಇದೆ. ವುಝೂಗೆ ನೀರು ಸಾಲದಿದ್ದರೆ ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಬಹುದು. ಮದ್ರಸದಲ್ಲಿ ಬಾಯಿಪಾಠ ಮಾಡಿದ ಈ ವಿಷಯಗಳು ಯಾರಿಗಾಗಿ ಬಂದವು ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಆ ಮರಳಿನ ಮೇಲೆ ನಿಂತಾಗ.

ಆ ಬೆಳಿಗ್ಗೆ

ಶನಿವಾರ ಮೊದಲು ಕೇಳಿಸಿದ್ದು ಹೆಲಿಕಾಪ್ಟರ್ ಸದ್ದು. ಅದರ ಕೆಳಗೆ ಒಂದು ಚುಕ್ಕೆ, ಚುಕ್ಕೆಯ ಹಿಂದೆ ಧೂಳು. ಬೈಕ್ ನಮ್ಮನ್ನು ದಾಟಲು ತೆಗೆದುಕೊಂಡದ್ದು ಕೆಲವೇ ಸೆಕೆಂಡು. ನಮ್ಮ ಮುಂದೆ ಸ್ವಲ್ಪ ದೂರದಲ್ಲಿ, ಬಲಕ್ಕೆ ಒಂದು ದಿಬ್ಬವಿತ್ತು. ತಮ್ಮ ಅದನ್ನು ಹತ್ತಿ ಬರುತ್ತೇನೆಂದು ಬೆಳಗಿನಿಂದ ಹಠ ಹಿಡಿದಿದ್ದ. "ಎಲ್ಲ ಗಾಡಿಗಳೂ ಕೆಳಗಿನಿಂದಲೇ ಹೋಗ್ತಿವೆಯಲ್ಲ ಉಮ್ಮ, ಅಲ್ಲಿಗೆ ಯಾರೂ ಬರೋದಿಲ್ಲ" ಎಂಬುದು ಅವನ ವಾದ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಉಮ್ಮ ಅವನ ಕೈ ಬಿಡಲಿಲ್ಲ.

ಬೈಕುಗಳಾದ ಮೇಲೆ ಕಾರುಗಳು ಬಂದವು. ಏಳೆಂಟು ಕಾರುಗಳು ಅದೇ ಹಾದಿಯಲ್ಲಿ ಹೋದವು. ಆಮೇಲೆ ಬಂದ ಒಂದು, ಆ ದಿಬ್ಬದ ಹಿಂದಿನಿಂದ ನೆತ್ತಿಯ ಮೇಲೆ ದಿಢೀರನೆ ಎದ್ದು, ಮುಂದಿನ ಚಕ್ರಗಳು ಗಾಳಿಯಲ್ಲಿರುವಂತೆಯೇ ಈಚೆ ಇಳಿದು ಹೋಯಿತು. ಬರುವ ಸದ್ದೂ ನಮಗೆ ಮೊದಲೇ ಕೇಳಿಸಿರಲಿಲ್ಲ, ದಿಬ್ಬವೇ ಅದನ್ನು ತಡೆದಿತ್ತು. ಓಡಿಸುವವರು ತಪ್ಪು ಮಾಡಿರಲಿಲ್ಲ. ಹಾದಿ ಆರಿಸುವುದು ಅವರ ಹಕ್ಕು. ಯಾರೂ ಮಾತಾಡಲಿಲ್ಲ. ಉಮ್ಮ ತಮ್ಮನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ನಾನು ನಕ್ಷೆಯಲ್ಲಿ ಗುರುತು ಮಾಡಿದ್ದ ಆ ಇಳಿಜಾರನ್ನು ನೆನೆದುಕೊಂಡೆ.

ಅಂದು ಓಡಿದವರಲ್ಲಿ ಸೌದಿಯ ಯಝೀದ್ ಅಲ್ ರಾಜಿ ಕೂಡ ಇದ್ದರು. ಮುಂದಿನ ಶುಕ್ರವಾರ ಕಾರುಗಳ ವಿಭಾಗದಲ್ಲಿ ಗೆದ್ದು, ಡಾಕರ್ ಗೆದ್ದ ಮೊದಲ ಸೌದಿ ಪ್ರಜೆಯಾದರು. ಟಿ.ವಿ.ಯಲ್ಲಿ ಅದನ್ನು ನೋಡಿ ತಮ್ಮ ಕುಣಿದಾಡಿದ. ಗಣಿತದ ಪುಸ್ತಕ ಹೋದ ಹಾಗೆಯೇ ವಾಪಸ್ ಬಂದಿತ್ತು ಎಂಬುದನ್ನು ಮಾತ್ರ ಉಮ್ಮ ಇಂದಿಗೂ ಹೇಳುತ್ತಾರೆ.

ಸೌದಿಗೇ ಹೋಗಬೇಕೆಂದಿಲ್ಲ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆಯೂ ಕಾರ್ ರ್‍ಯಾಲಿಗಳು ನಡೆಯುತ್ತವೆ. ಅಲ್ಲಿ ಮರಳಿಲ್ಲ, ತಿರುವುಗಳಿವೆ. ಅಲ್ಲಿಗೆ ಹೋಗುವವರೂ ಫೋನ್ ಹೊರತೆಗೆಯುವ ಮುಂಚೆ ಮಾಮನ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿ: ಅವನಿಗೆ ನಾನು ಕಾಣುತ್ತೇನೆಯೇ? ಇಲ್ಲ ಎಂದಾದರೆ ಹತ್ತು ಹೆಜ್ಜೆ ಹಿಂದೆ ಬನ್ನಿ. ಫೋಟೋ ಸ್ವಲ್ಪ ಚಿಕ್ಕದಾಗಿ ಬರುತ್ತದೆ, ಅಷ್ಟೇ. ನನ್ನ ಮೇಜಿನ ಮೇಲಿನ ಫೋಟೋದಲ್ಲೂ ಬೈಕ್ ಚಿಕ್ಕದಾಗಿಯೇ ಇದೆ.