ಗ್ರಂಥಭಂಡಾರದ ತಂಪು ಮತ್ತು ಶಾಖಧಾರಕ ದ್ರವ್ಯಗಳು

ಓಲೆಗರಿಯ ಪ್ರತಿಗಳಿಗೆ ಕೇವಲ ಸೆಕೆಯಿಂದಲ್ಲದೆ ಉಷ್ಣತೆ ಮತ್ತು ಆರ್ದ್ರತೆಗಳ ಏರಿಳಿತದಿಂದಲೂ ಹಾನಿಯುಂಟು. ಗಾಳಿ ಒಣಗಿದಾಗ ಗರಿ ಕುಗ್ಗುತ್ತದೆ, ತೇವವೇರಿದಾಗ ಹಿಗ್ಗುತ್ತದೆ. ಈ ಕ್ರಿಯೆ ಪದೇ ಪದೇ ನಡೆದರೆ ಗರಿ ಬಾಗಿ ಸೀಳುತ್ತದೆ. ಆದುದರಿಂದ ಭಂಡಾರಕ್ಕೆ ಬೇಕಾದುದು ಅತಿಶೈತ್ಯವಲ್ಲ, ಸ್ಥಿರತೆ. ಹಗಲು ನಡೆದು ರಾತ್ರಿ ನಿಲ್ಲುವ ಶೀತಕಯಂತ್ರವು ವಿದ್ಯುತ್ತನ್ನು ವ್ಯಯಿಸಿಯೂ ಇದನ್ನು ಒದಗಿಸಲಾರದು.

ಜೈಸಲಮೇರಿನ ಕೋಟೆಯಲ್ಲಿ ಜಿನಭದ್ರಸೂರಿ ಜ್ಞಾನಭಂಡಾರವು ಸಂಭವನಾಥ ಮಂದಿರದ ನೆಲಮಾಳಿಗೆಯಲ್ಲಿದೆ. ಮರುಭೂಮಿಯ ಹಗಲು ಉರಿಯಾದರೂ ಇರುಳು ತಂಪು. ಸುಮಾರು ಎರಡು ಅಡಿ ದಪ್ಪದ ಕಲ್ಲುಗೋಡೆಯನ್ನು ದಾಟಲು ಹಗಲಿನ ಶಾಖಕ್ಕೆ ಅರ್ಧ ದಿನದಷ್ಟು ಕಾಲ ಬೇಕು. ಅಷ್ಟರಲ್ಲಿ ರಾತ್ರಿಯಾಗಿ, ಗೋಡೆ ಹೀರಿದ ಶಾಖದ ಬಹುಪಾಲು ಹೊರಕ್ಕೇ ಹೋಗುತ್ತದೆ. ನೆಲದೊಳಗೆ ನಾಲ್ಕಾರು ಅಡಿ ಇಳಿದರಂತೂ ಹಗಲಿರುಳಿನ ಭೇದವೇ ಬಹುಮಟ್ಟಿಗೆ ಅಳಿಯುತ್ತದೆ.

ಜರ್ಮನಿಯ ಕಲೋನ್ ನಗರದ ಐತಿಹಾಸಿಕ ಪತ್ರಾಗಾರವನ್ನು ೧೯೭೧ರಲ್ಲಿ ಇದೇ ತತ್ತ್ವದ ಮೇಲೆ, ದಪ್ಪ ಇಟ್ಟಿಗೆಗೋಡೆ ಮತ್ತು ಸುಣ್ಣದ ಗಾರೆಗಳಿಂದ ನಿರ್ಮಿಸಲಾಯಿತು. ೨೦೦೯ರಲ್ಲಿ ಅದು ಕುಸಿದುದು ಸಮೀಪದ ಸುರಂಗ ರೈಲಿನ ಕಾಮಗಾರಿಯಿಂದ, ತತ್ತ್ವದ ದೋಷದಿಂದಲ್ಲ.

ಗೋಡೆಯನ್ನು ದಪ್ಪಗೊಳಿಸಲಾಗದ ಕಟ್ಟಡಗಳಿಗೆ ಕರಗುವ ದ್ರವ್ಯಗಳು ಉಪಯುಕ್ತ. ಒಂದು ಕಿಲೋಗ್ರಾಂ ಕಲ್ಲು ಒಂದು ಡಿಗ್ರಿ ಕಾಯಲು ಸುಮಾರು ೦.೮ ಕಿಲೋಜೂಲ್ ಶಾಖ ಸಾಕು. ಅಷ್ಟೇ ತೂಕದ ಆಕ್ಟಾಡೆಕೇನ್ ಎಂಬ ಮೇಣವು ಸುಮಾರು ೨೮ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವಾಗ ಸುಮಾರು ೨೪೦ ಕಿಲೋಜೂಲ್ ಹೀರುತ್ತದೆ. ಕರಗಿ ಮುಗಿಯುವವರೆಗೆ ಅದರ ಉಷ್ಣತೆ ಹೆಚ್ಚಾಗಿ ಏರದು. ಇದೇ ಗುಪ್ತೋಷ್ಣ. ರಾತ್ರಿ ಮೇಣ ಮತ್ತೆ ಗಟ್ಟಿಯಾಗಿ ಆ ಶಾಖವನ್ನು ಬಿಟ್ಟುಕೊಡುತ್ತದೆ. ಹೀಗೆ ತೆಳುವಾದ ಫಲಕವೊಂದು ದಪ್ಪ ಗೋಡೆಯ ಕೆಲಸವನ್ನು ಮಾಡಬಲ್ಲದು. ಆದರೆ ಮೇಣ ಬೆಂಕಿಗೆ ಉರಿಯುವ ವಸ್ತು. ಜಲಯುಕ್ತ ಲವಣಗಳು ಉರಿಯವು. ಅವನ್ನು ನೀರಿನಂಶ ಆರಿಹೋಗದಂತೆ, ಸೋರದಂತೆ ಭದ್ರವಾಗಿ ಮುಚ್ಚಿಡಬೇಕು. ಗ್ರಂಥಗಳಿರುವೆಡೆ ಇವೆರಡೂ ಸಣ್ಣ ವಿಚಾರಗಳಲ್ಲ.

ಇನ್ನೊಂದು ಮಿತಿ ಹವೆಯದು. ಧವಲಾದಿ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳನ್ನು ಕಾಪಾಡಿದ ಮೂಡಬಿದಿರೆಯಂತಹ ಮಳೆನಾಡಿನಲ್ಲಿ ರಾತ್ರಿಯ ತಂಪು ಮರುಭೂಮಿಯಷ್ಟಿಲ್ಲ. ಆದುದರಿಂದ ಹಗಲಿನಲ್ಲಿ ಹೀರಿದ ಶಾಖ ಪೂರ್ತಿಯಾಗಿ ಹೊರಹೋಗದು. ಮಳೆಗಾಲದ ತೇವದ ಗಾಳಿ ತಣ್ಣನೆಯ ಗೋಡೆಯನ್ನು ತಾಕಿದರೆ ನೀರಹನಿಗಳು ಮೂಡಿ ಬೂಷ್ಟಿಗೆ ಎಡೆಯಾಗುತ್ತದೆ. ಅಲ್ಲಿ ತಂಪಿಗಿಂತ ಮೊದಲು ತೇವದ ನಿವಾರಣೆ ಆವಶ್ಯಕ.

ಆದುದರಿಂದ ನೆರಳು, ದಪ್ಪ ಗೋಡೆ ಮತ್ತು ಕಾಲವರಿತು ತೆರೆಯುವ ಗವಾಕ್ಷಗಳಿಗೆ ಪ್ರಥಮ ಸ್ಥಾನ. ಬಳಿಕ ಶಾಖಧಾರಕ ಫಲಕ. ಇವು ಸಾಲದೆಡೆ ಮಾತ್ರ ಯಂತ್ರ. ಈ ಕ್ರಮವನ್ನು ಅನುಸರಿಸಿದ ಭಂಡಾರದಲ್ಲಿ ವಿದ್ಯುತ್ತು ನಿಂತ ದಿನವೂ ಗರಿಗಳು ಕ್ಷೇಮವಾಗಿರುತ್ತವೆ.