ಶೇರು ಕೊಳ್ಳುವ ಮುನ್ನ



ಈಚೆಗೆ ಸಂಘದ ಆಫೀಸಿಗೆ ಬರುವ ಸದಸ್ಯರು ಚಾಲಿಯ ದರ ಕೇಳಿದ ಮೇಲೆ ಶೇರು ಪೇಟೆಯ ಮಾತನ್ನೂ ಎತ್ತುತ್ತಿದ್ದಾರೆ. ಅಡಿಕೆ ಅಡವಿಟ್ಟು ಪಡೆದ ಸಾಲದಿಂದ ಶೇರು ಕೊಳ್ಳಬಹುದೇ ಎಂದು ವಿಚಾರಿಸಿದವರೂ ಇದ್ದಾರೆ. ಆದುದರಿಂದ ಈ ವಿಷಯದ ಪ್ರಾಥಮಿಕ ತಿಳುವಳಿಕೆಯನ್ನು ಇಲ್ಲಿ ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಶೇರು ನಮಗೆ ಹೊಸದಲ್ಲ. ನಾವೆಲ್ಲರೂ ಸಂಘದ ಶೇರುದಾರರೇ. ಆದರೆ ಸಂಘದ ಶೇರಿಗೂ ಕಂಪನಿಯ ಶೇರಿಗೂ ಅಂತರವಿದೆ. ಸಂಘದಲ್ಲಿ ಎಷ್ಟೇ ಶೇರು ಇದ್ದರೂ ಒಬ್ಬರಿಗೆ ಒಂದೇ ಮತ. ಕಂಪನಿಯಲ್ಲಿ ಶೇರಿಗೊಂದು ಮತ. ಸಂಘದ ಶೇರಿನ ಬೆಲೆ ಪೇಟೆಯಲ್ಲಿ ಏರಿಳಿಯುವುದಿಲ್ಲ. ಕಂಪನಿಯ ಶೇರಿಗೆ ಅಂದಿನ ದಿನ ಕೊಳ್ಳುವವನು ಕೊಟ್ಟದ್ದೇ ಬೆಲೆ. ಈ ಬೆಲೆಯೇ ಕಂಪನಿಯ ಯೋಗ್ಯತೆ ಎಂದು ನಂಬುವುದರಿಂದಲೇ ಹೆಚ್ಚಿನವರು ಮೋಸ ಹೋಗುತ್ತಾರೆ.

ಇದಕ್ಕೆ ನಮ್ಮ ಕುಮಟೆಯ ನಂಟಿರುವ ಒಂದು ಹಳೆಯ ಉದಾಹರಣೆಯಿದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದ ಕಾಲ ಅದು. ಹತ್ತಿ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಂತಾಯಿತು. ನಮ್ಮ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂದು ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. ಆ ಹಣಕ್ಕಾಗಿ ದಿನಕ್ಕೊಂದು ಕಂಪನಿ ಹುಟ್ಟಿತು. ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಯ ಶೇರು, ನೆಲ ಸಿದ್ಧವಾಗುವ ಮೊದಲೇ, ಮುಖಬೆಲೆಯ ಹಲವು ಪಟ್ಟು ಏರಿತು. ಬ್ಯಾಂಕುಗಳು ಆ ಶೇರುಗಳ ಮೇಲೆಯೇ ಸಾಲ ಕೊಟ್ಟವು. 1865ರಲ್ಲಿ ಯುದ್ಧ ನಿಂತಿತು, ಹತ್ತಿಯ ದರ ಬಿದ್ದಿತು. ಜುಲೈ 1ರ ವಾಯಿದೆಯ ದಿನ ಕೊಡಬೇಕಾದವರ ಹತ್ತಿರ ಹಣವಿರಲಿಲ್ಲ. ಒಮ್ಮೆ 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು ಕೊನೆಗೆ 87 ರೂಪಾಯಿಗೆ ಇಳಿಯಿತು.

ಹಾಗಾದರೆ ಕಂಪನಿಯ ಯೋಗ್ಯತೆ ಅಳೆಯುವುದು ಹೇಗೆ? ತೋಟ ಕೊಳ್ಳುವಾಗ ನಾವು ಏನು ನೋಡುತ್ತೇವೆ? ಫಸಲಿಗೆ ಬಂದ ಮರ ಎಷ್ಟು, ಬೇಸಿಗೆಯಲ್ಲಿ ನೀರಿದೆಯೇ, ಸೊಪ್ಪಿನ ಬೆಟ್ಟವಿದೆಯೇ, ತೋಟದ ಮೇಲೆ ಸಾಲವೆಷ್ಟು, ಪಹಣಿ ಯಾರ ಹೆಸರಿನಲ್ಲಿದೆ. ಕಂಪನಿಯನ್ನೂ ಹೀಗೆಯೇ ನೋಡಬೇಕು.

1. ಉತ್ಪತ್ತಿ: ಒಂದು ವರ್ಷದ ಲಾಭ ನೋಡಿ ಮರುಳಾಗಬಾರದು. ಕೊಳೆರೋಗ ಇಲ್ಲದ ಒಂದು ವರ್ಷದ ಫಸಲಿನಿಂದ ತೋಟದ ಬೆಲೆ ಕಟ್ಟುವವರಿಲ್ಲ. ಕನಿಷ್ಠ 5 ವರ್ಷಗಳ ಲೆಕ್ಕ ನೋಡಬೇಕು.

2. ಬೆಲೆ: ಕಂಪನಿಯ ನಿವ್ವಳ ಲಾಭ 5 ಕೋಟಿ, ಶೇರುಗಳು 1 ಕೋಟಿ ಎಂದಿಟ್ಟುಕೊಳ್ಳಿ. ಶೇರೊಂದಕ್ಕೆ 5 ರೂಪಾಯಿ ಗಳಿಕೆ. ಪೇಟೆಯ ಬೆಲೆ 100 ಇದ್ದರೆ ಗಳಿಕೆಯ 20 ಪಟ್ಟು. ವರ್ಷಕ್ಕೆ 2 ಲಕ್ಷ ಉಳಿಯುವ ತೋಟಕ್ಕೆ 40 ಲಕ್ಷ ಕೊಟ್ಟಂತೆ. ಅದು ಹೆಚ್ಚೋ ಕಡಿಮೆಯೋ ಎಂಬುದು ಆ ಗಳಿಕೆ ಮುಂದೆ ಬೆಳೆಯುವುದೇ ಎಂಬುದರ ಮೇಲಿದೆ. ಅದೇ ತರಹದ ಬೇರೆ ಕಂಪನಿಗಳೊಂದಿಗೆ ಹೋಲಿಸಿ ನೋಡಬೇಕು.

3. ಸಾಲ: ಅಢಾವೆ ಪತ್ರಿಕೆಯಲ್ಲಿ ಸ್ವಂತ ಬಂಡವಾಳ ಎಷ್ಟು, ಸಾಲ ಎಷ್ಟು ಎಂದು ನೋಡಬೇಕು. ದುಡಿದದ್ದೆಲ್ಲ ಬಡ್ಡಿಗೇ ಹೋಗುವ ಕಂಪನಿಯಲ್ಲಿ ಶೇರುದಾರನಿಗೆ ಉಳಿಯುವುದು ಏನೂ ಇಲ್ಲ.

4. ನಗದು: ಮಾರಿದ ಮಾಲಿನ ಹಣ ಕೈಗೆ ಬಂದಿದೆಯೇ, ಬಾಕಿಯಾಗಿಯೇ ಇದೆಯೇ? ದಲಾಲರಲ್ಲಿ ಹಣ ನಿಂತ ಕಷ್ಟ ನಮಗೆ ಹೇಳಿಕೊಡಬೇಕಾಗಿಲ್ಲ.

5. ನಡೆಸುವವರು: ಕಂಪನಿಯ ಮಾಲಿಕರು ತಮ್ಮ ಶೇರುಗಳನ್ನೇ ಒತ್ತೆ ಇಟ್ಟಿದ್ದಾರೆಯೇ, ಲೆಕ್ಕ ಪರಿಶೋಧಕರು ಏನು ಷರಾ ಬರೆದಿದ್ದಾರೆ ಎಂಬುದನ್ನು ವಾರ್ಷಿಕ ವರದಿಯಲ್ಲಿ ಓದಬೇಕು.

ಇಷ್ಟು ನೋಡಿ, ಸೆಬಿಯಲ್ಲಿ ನೋಂದಾಯಿತ ದಲಾಲರ ಮೂಲಕ, ಸ್ವಂತ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ ಕೊಂಡು, ವರ್ಷಗಟ್ಟಲೆ ಇಟ್ಟುಕೊಳ್ಳುವುದು ಒಂದು ರೀತಿ. ಅಡಿಕೆ ಸಸಿ ನೆಟ್ಟವನು ದಿನವೂ ಕಿತ್ತು ಬೇರು ನೋಡುವುದಿಲ್ಲ. ಬೆಳಿಗ್ಗೆ ಕೊಂಡು ಸಂಜೆ ಮಾರುವುದು, ವಾಯಿದೆ ವ್ಯಾಪಾರ ಮಾಡುವುದು ಬೇರೆಯೇ ರೀತಿ. 1865ರಲ್ಲಿ ಮುಂಬಯಿಯನ್ನು ಮುಳುಗಿಸಿದ ವಾಯಿದೆಯೇ ಇಂದು ಫ್ಯೂಚರ್ಸ್ ಮತ್ತು ಆಪ್ಶನ್ಸ್ ಎಂಬ ಹೆಸರಿನಲ್ಲಿ ಫೋನಿನೊಳಗೆ ಬಂದಿದೆ. ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ 3 ಹಣಕಾಸು ವರ್ಷಗಳಲ್ಲಿ ಈ ವ್ಯಾಪಾರ ಮಾಡಿದ ಜನಸಾಮಾನ್ಯರಲ್ಲಿ 100ಕ್ಕೆ 93 ಮಂದಿ ನಷ್ಟ ಹೊಂದಿದ್ದಾರೆ. ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ.

ಬುದ್ಧಿ ಹೇಳುವ ನಾವೂ ಪೆಟ್ಟು ತಿಂದವರೇ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ದಾಟಿದಾಗ, ಬಸಿಗಾಲುವೆ ತೆಗೆಸಲು ಇಟ್ಟಿದ್ದ ಹಣದಿಂದ, ಇನ್ನೊಬ್ಬರ ಮಾತು ಕೇಳಿ, ಲೆಕ್ಕಪತ್ರ ತೆರೆದೂ ನೋಡದೆ ಒಂದು ಕಂಪನಿಯ ಶೇರು ಕೊಂಡೆವು. ಅಕ್ಟೋಬರಿನಲ್ಲಿ ಸೆನ್ಸೆಕ್ಸ್ 9,000ಕ್ಕಿಂತ ಕೆಳಗಿತ್ತು. ನಮ್ಮ ಶೇರು ಕಾಲುಭಾಗಕ್ಕೆ ಬಂದಿತ್ತು. ಆ ಮಳೆಗಾಲದಲ್ಲಿ ನೀರು ಬಸಿಯದೆ ತೋಟ ಸೊರಗಿತು, ಬೋರ್ಡೋ ಹೊಡೆಸುವುದಕ್ಕೂ ಕೈಗಡ ತರಬೇಕಾಯಿತು. ಪೇಟೆ ಮುಂದೆ ಚೇತರಿಸಿಕೊಂಡಿತು, ನಿಜ. ಆದರೆ ಅಲ್ಲಿಯವರೆಗೆ ಕಾಯುವ ಹಣ ಅದಾಗಿರಲಿಲ್ಲ.

ಆದುದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ: ಬೆಳೆ ಸಾಲ, ಅಡವಿನ ಸಾಲ, ಗೊಬ್ಬರ-ಔಷಧಿಯ ಹಣ, ಮಕ್ಕಳ ಶಾಲೆಯ ಫೀ, ಇವು ಯಾವುವೂ ಶೇರು ಪೇಟೆಗೆ ಹೋಗಕೂಡದು. ಐದಾರು ವರ್ಷ ಬೇಡವೆನಿಸುವ ಉಳಿತಾಯವಿದ್ದವರು ಮಾತ್ರ, ಅದರ ಒಂದು ಭಾಗವನ್ನು, ಒಂದೇ ಕಂಪನಿಯಲ್ಲಿ ಸುರಿಯದೆ ತೊಡಗಿಸಬಹುದು. ಯಾವುದಾದರೂ ಕಂಪನಿಯ ವಾರ್ಷಿಕ ವರದಿ ತಂದರೆ ಆಫೀಸಿನಲ್ಲಿ ಕುಳಿತು ಒಟ್ಟಿಗೆ ಓದೋಣ. ಯಾವ ಶೇರು ನಾಳೆ ಏರುತ್ತದೆ ಎಂದು ಮಾತ್ರ ಕೇಳಬೇಡಿರಿ. ಅದನ್ನು ಬಲ್ಲೆನೆಂದು ಹೇಳುವವರಿಂದ ದೂರವಿರಿ.