ಕರಡು ನಿಮ್ಮದು, ಅಚ್ಚು ಅವರದು

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನದೆದುರು ಕಣ್ಣು ಕಿರಿದು ಮಾಡಿ ನಿಂತಿದ್ದೆ. ಜೊತೆಗಿದ್ದ ಸಂಶೋಧನಾ ವಿದ್ಯಾರ್ಥಿ 'ಅಸೋಕಸ' ಎಂಬ ಅಕ್ಷರಗಳನ್ನು ತೋರಿಸಿದವನೇ ಮೊಬೈಲ್ ಮುಂದೆ ಹಿಡಿದ: “ಸರ, ಈ ಕರಾರಿಗೆ ಸಹಿ ಹಾಕಿದ್ರ, ಮೊದ್ಲ ನೆಟ್‌ನ್ಯಾಗ ಹಾಕಿದ್ದು ತಗೀಬೇಕೇನ್ರಿ?” ಅವನ ಪ್ರಬಂಧವನ್ನು ವಿದೇಶಿ ಜರ್ನಲ್ ಒಂದು ಒಪ್ಪಿತ್ತು, ಕರಡನ್ನು ಅವನು ಆಗಲೇ ಪ್ರೀಪ್ರಿಂಟ್ ಆಗಿ, ಅಂದರೆ ಅಚ್ಚಿಗೆ ಮುಂಚಿನ ಪ್ರತಿಯಾಗಿ, ನೆಟ್‌ಗೆ ಹಾಕಿಬಿಟ್ಟಿದ್ದ.

ಬಂಡೆಯ ನೆರಳಲ್ಲೇ ಕೂತು ಓದಿದೆವು. ಜರ್ನಲ್‌ಗೆ ಮೊದಲು ಕಳಿಸಿದ ಕರಡು ಇದ್ದಲ್ಲೇ ಇರಬಹುದು. ಪರಾಮರ್ಶಕರು ಹೇಳಿದಂತೆ ತಿದ್ದಿದ ಪ್ರತಿಗೆ ಹನ್ನೆರಡು ತಿಂಗಳ ತಡೆ. ಅಚ್ಚಾದ ಪಿಡಿಎಫ್ ಅಂತೂ ಪೂರ್ತಿ ಅವರದು. ಹುಡುಗ ನಿಟ್ಟುಸಿರು ಬಿಟ್ಟ. ನನಗೇನೋ ಇದು ಔದಾರ್ಯ ಅನ್ನಿಸಲಿಲ್ಲ. ಆ ತಿದ್ದುಪಡಿ ಮಾಡಿಸಿದ ಪರಾಮರ್ಶಕರೂ ಸಾಮಾನ್ಯವಾಗಿ ಬಿಟ್ಟಿ ದುಡಿದವರೇ.

ಹುಡುಗನ ಅಳುಕಿಗೂ ಕಾರಣವಿದೆ. 1969ರಲ್ಲಿ ಅಮೆರಿಕದ ವೈದ್ಯಕೀಯ ಜರ್ನಲ್ ಸಂಪಾದಕ ಇಂಗೆಲ್‌ಫಿಂಗರ್, ಬೇರೆಡೆ ಬಂದದ್ದನ್ನು ಹಾಕುವುದಿಲ್ಲ ಎಂದು ನಿಯಮ ಮಾಡಿದರು. 1991ರಲ್ಲಿ ಭೌತವಿಜ್ಞಾನಿಗಳ ಪ್ರೀಪ್ರಿಂಟ್ ತಾಣ ಆರ್ಕೈವ್ ಶುರುವಾದ ಮೇಲೆ ಆ ಬಿಗಿ ಸಡಿಲಿತು. ಈಗ ಪ್ರಕಾಶನ ಸಂಸ್ಥೆ ಎಲ್ಸೆವಿಯರ್ ಪ್ರೀಪ್ರಿಂಟ್‌ಗೆ ಅಡ್ಡಿಯಿಲ್ಲ ಅನ್ನುತ್ತದೆ. ಅನ್ನದೇ ಏನು? 2016ರಲ್ಲಿ ಎಸ್‌ಎಸ್‌ಆರ್‌ಎನ್ ಎಂಬ ಪ್ರೀಪ್ರಿಂಟ್ ತಾಣವನ್ನೇ ಕೊಂಡುಕೊಂಡಿದೆ.

ನಮ್ಮ ಸಿ.ವಿ. ರಾಮನ್ ಇದಕ್ಕೆಲ್ಲ ಕಾಯಲಿಲ್ಲ. 1928ರ ಮಾರ್ಚ್ 16ರಂದು ತಮ್ಮ ಹೊಸ ಶೋಧದ ಬಗ್ಗೆ ಬೆಂಗಳೂರಿನಲ್ಲಿ ಮಾಡಿದ ಭಾಷಣವನ್ನು ಅದೇ ತಿಂಗಳು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚು ಹಾಕಿಸಿ, ಪ್ರತಿಗಳನ್ನು ದೇಶವಿದೇಶಗಳ ವಿಜ್ಞಾನಿಗಳಿಗೆ ಅಂಚೆಗೆ ಹಾಕಿದರು. ಮಸ್ಕಿಯದೂ ಅಂಥದೇ ಆತುರ. ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಈ ಶಾಸನ ಬಿದ್ದದ್ದು 1915ರಲ್ಲಿ, ಎಚ್. ಕೃಷ್ಣಶಾಸ್ತ್ರಿಗಳ ಪುಸ್ತಿಕೆ ನಿಜಾಮರ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೆಯದಾಗಿ ಬಂದದ್ದೂ ಅದೇ ವರ್ಷ. ಇನ್ನೂ ಮಜಾ ನೋಡಿ: ಇದೇ ಕಿರುಶಾಸನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಇದೆ. ಪಾಠ ಎಲ್ಲೆಡೆ ಒಂದೇ ಅಲ್ಲ. ರಾಜನ ಹೆಸರು ಮಾತ್ರ ಮಸ್ಕಿ, ನಿಟ್ಟೂರು, ಉದೆಗೊಳದಂಥ ಕೆಲವೇ ಕಡೆ. ಇದರಲ್ಲಿ ಅಂತಿಮ ಪ್ರತಿ ಯಾವುದು ಎಂದು ಯಾವ ಪ್ರಕಾಶಕನನ್ನು ಕೇಳೋಣ?

ಮತ್ತೆ ಕರಾರಿಗೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ, ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು ಐದೇ ವರ್ಷ. ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತ. ಚಾಣಾಕ್ಷ ಪ್ರಕಾಶಕರು ‘ಪೂರ್ಣಾವಧಿ, ಇಡೀ ಜಗತ್ತು’ ಎಂದೇ ಬರೆದಿರುತ್ತಾರೆ. ಪ್ರೀಪ್ರಿಂಟ್ ಹಾಕುವಾಗ ಆರಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನಂತೂ ಆಮೇಲೆ ಹಿಂಪಡೆಯಲಾಗದು, ಕರಾರು ಏನೇ ಹೇಳಲಿ.

ಸಂಶೋಧಕ ಮಿತ್ರರೇ, ಕರಾರಿನಲ್ಲಿ ಪ್ರೀಪ್ರಿಂಟ್ ಮಾತೇ ಇಲ್ಲವೆಂದರೆ ಸಹಿಗೆ ಮೊದಲೇ ಸಂಪಾದಕರಿಗೆ ಇಮೇಲ್ ಬರೆದು ಕೇಳಿ. ಬಂದ ಉತ್ತರವನ್ನು ಅಳಿಸಬೇಡಿ.